ಪುಟ ಸರಸ್ರಿ, ಸಾಕು

ತಾಂಡೂರಿನಲ್ಲಿ ನಮ್ಮ ಪಕ್ಕದ ಮನೆಯ ತೊಗರಿ ವ್ಯಾಪಾರಿಯೊಬ್ಬರು ಕನ್ನಡದಲ್ಲಿ ಕಾದಂಬರಿ ಬರೆದು, ಚಂದಾ ಕಟ್ಟಿ ಓದುವ ಆ್ಯಪ್‌ಗೆ ತಾವೇ ಏರಿಸಿದ್ದರು. ಓದುಗರು ಪುಟ ಸರಿಸಿದಷ್ಟೂ ಲೇಖಕರಿಗೆ ಹಣ. ನಮ್ಮ ಓಣಿಯವರು ಮನೆಯಲ್ಲಿ ಮಾತಾಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತೆಲುಗು; ಕನ್ನಡ ಅಕ್ಷರ ಬಾರದು. ಆದರೆ ವ್ಯಾಪಾರಿ ಬಿಡಬೇಕಲ್ಲ! ಎಲ್ಲರಿಂದಲೂ ಚಂದಾ ಕಟ್ಟಿಸಿ, "ಓದಾಕ ಬರ್ಲಿಲ್ಲಂದ್ರ ಏನಾತ್ರಿ, ಪುಟ ಸರಸ್ರಿ, ಸಾಕು" ಎಂದು ಮೀಸೆ ತೀಡುತ್ತಿದ್ದರು.

ಒಮ್ಮೆ ನಮ್ಮವ್ವ ಪುಟ ಸರಿಸಹೊರಟ ಬೆರಳು ನಿಲ್ಲಿಸಿ, "ಅಣ್ಣಾರ, ಇದ್ರಾಗ ಏನ ಬರದೀರಿ?" ಎಂದು ಕೇಳಿದಳು. ಅವರು ಕಟ್ಟೆಯ ಮೇಲೆ ಕೂತು ಕಥೆ ಹೇಳತೊಡಗಿದರು. ಓಣಿಯೇ ನೆರೆಯಿತು. ನಾಯಕಿ ತವರು ಬಿಡುವಾಗ ಅವ್ವ ಕಣ್ಣೊರೆಸಿಕೊಂಡಳು, ಅವರೂ ಒರೆಸಿಕೊಂಡರು. ಅವ್ವನ ಮೊಬೈಲು ಮೊದಲ ಪುಟದಲ್ಲೇ ಆರಿಹೋಗಿತ್ತು.

ಮರುದಿನ ಅವರನ್ನು ಕಂಡೊಡನೆ ಅವ್ವ ರೂಢಿಯಂತೆ ಮೊಬೈಲು ತೆಗೆದಳು.

"ಅದನ್ನ ಒಳಗಿಡ್ರಿ ಅಕ್ಕೋರ" ಎಂದರು. "ನಿನ್ನಿ ಎಲ್ಲಿಗಿ ನಿಲ್ಲಿಸಿದ್ದೆ, ಹೇಳ್ರಿ."