ಮೂರನೇ ನಂಬರಿನ ಮಷೀನು

ಮಾಸ್ತರರ ಎಡಗೈಯಲ್ಲಿ ನಾಲ್ಕೇ ಬೆರಳು. ಕಿರುಬೆರಳು ಇರಬೇಕಾದ ಜಾಗದಲ್ಲಿ ಚರ್ಮ ಗಂಟುಕಟ್ಟಿ, ಸಿಪ್ಪೆ ಸುಲಿದ ಶೇಂಗಾ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಆ ಬುಧವಾರ ಸಂಜೆ ನಾನು ಸಿಂದಗಿಯ ಅವರ ಟೈಪಿಂಗ್ ಕ್ಲಾಸಿಗೆ ಹೋದಾಗ, ಆ ಕೈಯಿಂದ ಒಂದು ಮಷೀನನ್ನು ಓರೆಯಾಗಿ ಹಿಡಿದು, ಬಲಗೈಯಲ್ಲಿದ್ದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಚ್ಚುಗಳ ಸಂದಿಯ ಮಸಿ ತೆಗೆಯುತ್ತಿದ್ದರು. ಕೋಣೆಯ ತುಂಬ ಸೀಮೆಎಣ್ಣೆಯ ವಾಸನೆ.

"ಏನ್ ತಂಗಿ, ತಾಂಬಾಕ್ಕ ಹೊಂಟೀಯೇನು?"

"ಹೌದ್ರಿ, ಅಣ್ಣನ ಮನಿಗಿ."

"ಮಗಳು ಬಂದಿಲ್ಲೇನು?"

"ಪರೀಕ್ಷಾ ಅದಾವ್ರಿ. ಓದ್ಕೋಂತ ಕುಂತಾಳ್ರಿ."

"ಕುಂತು ಓದತಾಳೊ, ಮಲಗಿ ಓದತಾಳೊ?"

ಅವರ ಹೆಂಡತಿ ಚಹಾ ತಂದರು. ಅರ್ಧ ಕುಡಿಯುವಷ್ಟರಲ್ಲಿ ತಾಂಬಾದ ಬಸ್ಸು ಹಾರ್ನ್ ಹೊಡೆಯಿತು. "ಓಡು, ಓಡು, ಉಳಿದದ್ದು ನಾ ಕುಡೀತೇನಿ" ಎಂದರು ಮಾಸ್ತರರು. "ಬರ್ತೇನ್ರಿ" ಎಂದು ಓಡಿದೆ. ತಿರುಗಿ ನೋಡಲಿಲ್ಲ. ತಿರುಗಿ ನೋಡಬೇಕಾದಂಥ ದಿನವೇನೂ ಆಗಿರಲಿಲ್ಲ ಅದು. ಶುಕ್ರವಾರ ಬೆಳಿಗ್ಗೆ ಮುದ್ದೇಬಿಹಾಳದ ನಮ್ಮ ಕಾಲೇಜಿನ ಆಫೀಸಿಗೆ ಫೋನು ಬಂತು. ಮಲಗಿದವರು ಏಳಲಿಲ್ಲವಂತೆ.

ನಾನು ಅವರ ಹತ್ತಿರ ಮೊದಲು ಟೈಪಿಂಗ್ ಕಲಿತೆ, ಆಮೇಲೆ ಆರು ವರ್ಷ ಅಲ್ಲಿಯೇ ಕಲಿಸಿದೆ. ತೊಂಬತ್ತರ ದಶಕದ ಮಾತು. ಉದ್ದನೆಯ ಒಂದೇ ಕೋಣೆ, ಒಂಬತ್ತು ಮಷೀನು. ಪ್ರತಿ ಮಷೀನಿನ ಹಸಿರು ರೆಕ್ಸಿನ್ ಹೊದಿಕೆಯ ಮೇಲೆ ಬಿಳಿ ದಾರದಿಂದ ನಂಬರು ಹೊಲಿದಿತ್ತು. ಮೂರನೇ ನಂಬರಿನದು ಎಲ್ಲಕ್ಕಿಂತ ಒಳ್ಳೆಯದು. ಕೀಲಿಯ ಮೇಲೆ ಬೆರಳು ಇಟ್ಟರೆ ಸಾಕು, ಅಕ್ಷರ ತಾನಾಗಿ ಎದ್ದು ಹೋಗಿ ಬೀಳುತ್ತಿತ್ತು. ಪರೀಕ್ಷೆಯ ದಿನ ಬಿಟ್ಟರೆ ಅದರ ಹೊದಿಕೆ ತೆಗೆಯುವ ಹಾಗಿರಲಿಲ್ಲ.

ಮಾಸ್ತರರ ಊರು ಹೊರ್ತಿ. ಹುಡುಗನಾಗಿದ್ದಾಗ ಬಾವಿಯಿಂದ ನೀರು ಸೇದುವ ಹಗ್ಗ ಗಾಲಿಗೆ ಸಿಕ್ಕು ಬೆರಳು ಹೋಗಿತ್ತು. ಒಂಬತ್ತೇ ಬೆರಳಿನಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿದವರು. ಆದರೆ ಕಲಿಯಲು ಬಂದವರು ಎಡಗೈ ಕಿರುಬೆರಳಿನಿಂದ ಹೊಡೆಯಬೇಕಾದ 'ಎ' ಅಕ್ಷರವನ್ನು ಪಕ್ಕದ ಬೆರಳಿನಿಂದ ಹೊಡೆದರೆ ಅವರಿಗೆ ತಡೆಯುತ್ತಿರಲಿಲ್ಲ.

"ಏ, ನನಗ ಇಲ್ಲದ ಬಟ್ಟು ನಿನಗ ಐತಿ. ಅದನ್ಯಾಕ ಮಲಗಿಸಿ ಇಟ್ಟೀದಿ?"

ಅವರು ಮಷೀನುಗಳ ನಡುವೆ ಓಡಾಡಿ ಕಲಿಸುತ್ತಿರಲಿಲ್ಲ. ಬಾಗಿಲಲ್ಲಿ ನಮಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಹಾಕಿ, ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಎತ್ತಿನಬಂಡಿ, ಆಟೋ, ಸಂತೆಗೆ ಬಂದ ಜನ ಎಲ್ಲವನ್ನೂ ನೋಡುತ್ತ ನಿಂತವರು ಇದ್ದಕ್ಕಿದ್ದಂತೆ, ತಿರುಗದೇ, "ಐದನೇ ನಂಬರ್, ಕಿರಿಬಟ್ಟು ಮಲಗ್ತು" ಎನ್ನುತ್ತಿದ್ದರು. ಐದನೇ ಮಷೀನಿನ ಹುಡುಗಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಒಂಬತ್ತು ಮಷೀನುಗಳ ಗದ್ದಲದಲ್ಲಿ ಒಂದು ಸೋತ ಬೆರಳಿನ ಸಪ್ಪಳ ಅವರಿಗೆ ಹೇಗೆ ಕೇಳುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಗಂಡನ ಮನೆ ಬಿಟ್ಟು, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ತಾಂಬಾದ ಅಣ್ಣನ ಮನೆಗೆ ಬಂದಿದ್ದೆ. ದಿನಾ ಅಲ್ಲಿಂದಲೇ ಸಿಂದಗಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಅಣ್ಣನ ಹೆಂಡತಿ, ನನ್ನ ವೈನಿ, ಕೆಟ್ಟವಳಲ್ಲ. ಒಂದು ದಿನವೂ ಒಂದು ಮಾತು ಆಡಲಿಲ್ಲ. ಆದರೂ ಮಗಳು ಎರಡನೇ ರೊಟ್ಟಿಗೆ ಕೈಚಾಚುವ ಮೊದಲು ನನ್ನ ಮುಖ ನೋಡುತ್ತಿದ್ದಳು. ಅದಕ್ಕಾಗಿಯೇ ನನಗೆ ಒಂದು ಕಾಯಂ ಕೆಲಸ ಬೇಕಾಗಿತ್ತು. ಒಂದು ಕೋಣೆ, ಒಂದು ಒಲೆ, ಮಗಳು ಕೇಳದೇ ತಿನ್ನುವ ರೊಟ್ಟಿ.

ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಟೈಪಿಸ್ಟ್ ಜಾಗಕ್ಕೆ ಯಾರಿಗೂ ಹೇಳದೇ ಅರ್ಜಿ ಹಾಕಿದೆ. ಮಾಸ್ತರರಿಗಂತೂ ಹೇಳುವ ಧೈರ್ಯವೇ ಇರಲಿಲ್ಲ. ನನಗಿಂತ ಮೊದಲು ಮಾಸ್ತರರ ಕ್ಲಾಸಿನಲ್ಲಿ ಕಲಿಸುತ್ತಿದ್ದವನು ಬಸ್ ಸ್ಟ್ಯಾಂಡಿನ ಹತ್ತಿರ ತನ್ನದೇ ಕ್ಲಾಸು ತೆಗೆದು, ಇಲ್ಲಿನ ಅರ್ಧ ಹುಡುಗರನ್ನು ಕರೆದುಕೊಂಡು ಹೋಗಿದ್ದ. ಅವನು ಜಾಗ ಹುಡುಕುತ್ತಿದ್ದ ಸುದ್ದಿ ತಿಳಿದ ದಿನವೇ ಮಾಸ್ತರರು "ನಾಳಿಂದ ಬರಬ್ಯಾಡ" ಎಂದಿದ್ದರಂತೆ. ನನ್ನ ಸಂಗತಿ ಇನ್ನೂ ಕಷ್ಟದ್ದು. ಬೆಳಗಿನ ಬ್ಯಾಚಿನ ಹುಡುಗಿಯರೆಲ್ಲ ಬರುತ್ತಿದ್ದುದು ಕಲಿಸುವವಳು ಹೆಂಗಸು ಎಂಬ ಕಾರಣಕ್ಕೆ. ನಾನು ಬಿಟ್ಟರೆ ಅವರ ತಂದೆತಾಯಿ ಮರುದಿನವೇ ಅವರನ್ನು ಮನೆಯಲ್ಲಿ ಇಟ್ಟುಕೊಳ್ಳುವವರು. ಸಂದರ್ಶನಕ್ಕೆ ಹೋದದ್ದು ತಿಳಿದು, ಅಲ್ಲಿ ಕೆಲಸವೂ ಸಿಗದೇ ಹೋದರೆ? ಇದ್ದದ್ದೂ ಹೋದೀತೆಂಬ ಹೆದರಿಕೆ.

ಕರೆಯ ಪತ್ರ ಅಣ್ಣನ ಮನೆಗೆ ಬಂತು. ಸೋಮವಾರ ಹನ್ನೊಂದು ಗಂಟೆಗೆ ಬರಬೇಕು. ಕೊನೆಯ ಸಾಲನ್ನು ಎರಡು ಸಲ ಓದಿದೆ. ಟೈಪಿಂಗ್ ಪರೀಕ್ಷೆಗೆ ಅಭ್ಯರ್ಥಿಗಳು ಮಷೀನನ್ನು ತಾವೇ ತರತಕ್ಕದ್ದು.

ಆಗ ಹಾಗೆಯೇ ಇತ್ತು. ಮಷೀನು ಇದ್ದವರು ಹೊತ್ತು ತರಬೇಕು, ಇಲ್ಲದವರು ಎಲ್ಲಿಂದಾದರೂ ಕೇಳಿ ತರಬೇಕು. ನನಗೆ ಕೇಳಲು ಇದ್ದ ಜಾಗ ಎರಡೇ. ಒಂದು, ಬಸ್ ಸ್ಟ್ಯಾಂಡಿನ ಹತ್ತಿರದವನ ಕ್ಲಾಸು. ಅಲ್ಲಿ ಕೇಳಿದರೆ ಸಂಜೆಯೊಳಗೆ ಸಿಂದಗಿಗೆಲ್ಲ ಗೊತ್ತಾಗುತ್ತಿತ್ತು. ಇನ್ನೊಂದು, ನಾನು ಯಾರಿಂದ ಮುಚ್ಚಿಡಬೇಕಾಗಿತ್ತೋ ಅವರದೇ ಕೋಣೆ.

ಏಳನೇ ನಂಬರಿನ ಮಷೀನಿನಲ್ಲಿ ಹಾಳೆ ಹಿಡಿದು ಸರಿಯುವ ಗಾಡಿ ಆಗಾಗ ತಡೆದು ನಿಲ್ಲುತ್ತಿತ್ತು. ಅದು ಎಲ್ಲಿ ನಿಲ್ಲುತ್ತದೆಂದು ನನ್ನ ಕೈಗೆ ರೂಢಿ ಇತ್ತು, ಹೇಗೋ ನಿಭಾಯಿಸಬಹುದು ಎಂದುಕೊಂಡೆ. ಶನಿವಾರ ತಾಂಬಾದಿಂದ ಬರುವಾಗ ಬಸ್ಸಿನಲ್ಲಿ ಮಾಸ್ತರರಿಗೆ ಹೇಳುವ ಸುಳ್ಳನ್ನು ನಾಲ್ಕು ಸಲ ಬಾಯಿಪಾಠ ಮಾಡಿದೆ.

"ಮಾಸ್ತರ, ಏಳನೇ ನಂಬರ್ ಭಾಳ ತ್ರಾಸ ಕೊಡಾಕತ್ತೇತ್ರಿ. ಮುದ್ದೇಬಿಹಾಳದಾಗ ಒಬ್ಬ ಛಲೋ ಮೆಕ್ಯಾನಿಕ್ ಅದಾನಂತ್ರಿ. ಸೋಮವಾರ ನಾನಽ ಒಯ್ದು ತೋರಿಸ್ಕೊಂಡ ಬರ್ತೇನ್ರಿ."

ಮಾಸ್ತರರು ಬಾಗಿಲಲ್ಲಿದ್ದರು. ಈ ಕಡೆ ತಿರುಗಲಿಲ್ಲ. ರಸ್ತೆ ನೋಡುತ್ತಲೇ ಕೇಳಿದರು.

"ಮುದ್ದೇಬಿಹಾಳದಾಗ?"

"ಹೌದ್ರಿ."

"ಹೊಸಾವ ಬಂದಿರಬೇಕು. ಛಲೋ ಆತು. ಆದ್ರ ಏಳು ಬ್ಯಾಡ. ಮೂರು ಒಯ್ಯಿ."

"ಮೂರಕ್ಕ ಏನಾಗೇತ್ರಿ?"

"ಏನೋ ಆಗೇತಿ. ನಿನಗ ತಿಳಿಯಂಗಿಲ್ಲ."

ವಿಜಾಪುರ ಜಿಲ್ಲೆಯ ಟೈಪಿಂಗ್ ಮೆಕ್ಯಾನಿಕ್ಕುಗಳು ಅವರಿಗೆ ಮನೆಮಂದಿಯಷ್ಟು ಪರಿಚಯ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಇದ್ದವರು ಮೂವರು. ಮುದ್ದೇಬಿಹಾಳದಲ್ಲಿ ಒಬ್ಬನೂ ಇರಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಬಂದೆ. ಮಾಸ್ತರರು ಆಗಲೇ ಮಷೀನನ್ನು ದಪ್ಪ ಚಾದರದಲ್ಲಿ ಕಟ್ಟಿ ಇಟ್ಟಿದ್ದರು. ಹದಿನೈದು ಕಿಲೋಗೆ ಕಡಿಮೆ ಇಲ್ಲದ ಗಂಟು. "ನಾ ಹೊರತೇನ್ರಿ" ಎಂದರೆ ಕೇಳಲಿಲ್ಲ. ತಾವೇ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ನಡೆದರು. ದಾರಿಯಲ್ಲಿ ಚಹಾದಂಗಡಿಯವನು ಕೂಗಿದ.

"ಏನ್ರಿ ಮಾಸ್ತರ, ಊರು ಬಿಟ್ಟು ಹೊಂಟೀರೇನು?"

"ರಿಪೇರಿಗಿ ಹೊಂಟೇತಿ."

"ಮಷೀನೋ, ನೀವೋ?"

"ನನ್ನ ರಿಪೇರಿ ಮಾಡಾವ ಇನ್ನೂ ಹುಟ್ಟಿಲ್ಲ!"

ಬಸ್ಸಿನ ಸೀಟಿನ ಮೇಲೆ ಗಂಟು ಇಟ್ಟು, ಕೆಳಗಿಳಿದು, ಕಿಟಕಿಯ ಹತ್ತಿರ ಬಂದು ಒಂದು ವಿಚಿತ್ರ ಮಾತು ಹೇಳಿದರು. "ಆ ಮೆಕ್ಯಾನಿಕ್ ಏನರ ಕೇಳಿದ್ರ ಸಣ್ಣ ದನಿಲೆ ಮಾತಾಡಬ್ಯಾಡ. ನಿನಗ ಆ ಚಟ ಐತಿ. ತಲಿ ಎತ್ತಿ, ಕೇಳೂ ಹಂಗ ಮಾತಾಡು." ಮೆಕ್ಯಾನಿಕ್ಕನ ಜೊತೆ ಯಾವ ದನಿಯಲ್ಲಿ ಮಾತಾಡಿದರೇನು ಎಂದುಕೊಂಡೆ, ಅಷ್ಟೇ.

ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದೆ. ಎರಡನೇ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು, ಗಂಟಿಗೆ ಸಿಗಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡೆ. ಕಂಡಕ್ಟರ್ ನೋಡಿ, "ಏನ್ರಿ ಬಾಯಾರ, ಕೂಸಿನ್ಹಂಗ ಅಪ್ಪಿಕೊಂಡೀರಿ, ಇದಕ್ಕ ಅರ್ಧ ಟಿಕೀಟು ಮಾಡ್ಲೇನು?" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ಒಂದೇ ಚಿಂತೆ. ಮೂರನೇ ನಂಬರಿಗೆ ಏನಾಗಿದೆ? ಏಳನೆಯದರ ರೋಗವಾದರೂ ನನಗೆ ಗೊತ್ತಿತ್ತು. ಗೊತ್ತಿಲ್ಲದ ರೋಗದ ಮಷೀನು ತಂದು ಪರೀಕ್ಷೆಗೆ ಕೂಡಬೇಕಲ್ಲ!

ಕಾಲೇಜಿನ ಒಂದು ಕೋಣೆಯಲ್ಲಿ ನಾವು ನಾಲ್ಕು ಜನ ಕೂತೆವು. ಚಾದರ ಬಿಚ್ಚಿದೆ. ಮಷೀನು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಚ್ಚುಗಳ ಸಂದಿಯಲ್ಲಿ ಒಂದು ಕಣ ಮಸಿ ಇಲ್ಲ. ಹೊಚ್ಚ ಹೊಸ ರಿಬ್ಬನ್ನು ಹಾಕಿದ್ದರು. ಮೇಜಿನ ಮೇಲೆ ಮಷೀನು ಜಾರದಂತೆ ಕೆಳಗೆ ಹಾಸುವ ಕಂಬಳಿಯ ತುಂಡನ್ನು ಮಡಚಿ ಇಟ್ಟಿದ್ದರು. ರೋಲರಿನಲ್ಲಿ ಎರಡು ಖಾಲಿ ಹಾಳೆ ಸುತ್ತಿದ್ದವು. ಪರೀಕ್ಷೆಗೆ ಕೂಡುವವರು ಹಾಳೆಯ ಹಿಂದೆ ಇನ್ನೊಂದು ಹಾಳೆ ಇಡಬೇಕು ಎಂದು ಅವರು ವರ್ಷಾನುಗಟ್ಟಲೆ ಹೇಳಿಕೊಂಡು ಬಂದದ್ದು.

ರಿಪೇರಿಗೆ ಹೋಗುವ ಮಷೀನಿಗೆ ಕಂಬಳಿ ತುಂಡು ಯಾಕೆ?

ಆಗ ತಿಳಿಯಿತು. ಕಂಬಳಿ ತುಂಡನ್ನು ಮಷೀನಿನ ಕೆಳಗೆ ಹಾಸಿದೆ. ಪಕ್ಕದ ಮೂವರು ಆಗಲೇ ಶುರು ಮಾಡಿದ್ದರು. ಬೆನ್ನ ಹಿಂದೆ ಯಾರೋ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ ಎಂದುಕೊಂಡು ಕಿರುಬೆರಳನ್ನು 'ಎ' ಮೇಲೆ ಇಟ್ಟೆ.

ಆಮೇಲೆ ಒಳಗೆ ಕರೆದರು. ಮೂವರು ಕೂತಿದ್ದರು. ನಡುವಿನ ವಯಸ್ಸಾದವರು ನಾನು ಟೈಪು ಮಾಡಿದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು. "ಈಗ ಎಲ್ಲಿ ಕೆಲಸ ಮಾಡಾಕತ್ತೀರಿ?"

ತಲೆ ಎತ್ತಿ, ಕೇಳುವ ಹಾಗೆ ಹೇಳಿದೆ.

"ಇಲ್ಲಿಗೆ ಬಂದದ್ದು ನಿಮ್ಮ ಮಾಸ್ತರರಿಗೆ ಗೊತ್ತೈತೇನು?"

"ಗೊತ್ತೈತ್ರಿ. ಆದ್ರ ನಾ ಹೇಳಿಲ್ರಿ."

ಮೂವರೂ ನಕ್ಕರು. ನನಗೂ ಆ ದಿನ ಮೊದಲ ಸಲ ನಗು ಬಂತು.

ಸಂಜೆ ಸಿಂದಗಿಗೆ ಬಂದು ಮಷೀನನ್ನು ಅದರ ಜಾಗದಲ್ಲಿ ಇಟ್ಟೆ. ದಾರಿಯಲ್ಲಿ ಎಲ್ಲವನ್ನೂ ಹೇಳಿಬಿಡಬೇಕೆಂದು ನಿಶ್ಚಯ ಮಾಡಿದ್ದೆ. ಅವರು ಅವಕಾಶ ಕೊಡಲಿಲ್ಲ. ಹೊದಿಕೆ ಹಾಕುತ್ತ ಕೇಳಿದರು.

"ಏನಂದ ಮೆಕ್ಯಾನಿಕ್?"

"ಮಷೀನಿಗೆ ಏನೂ ಆಗಿಲ್ಲಂದ್ರಿ."

"ನನಗ ಗೊತ್ತಿತ್ತು. ಮತ್ತ ಏನರ ತಿಳಸ್ತೇನಿ ಅಂದ್ನೇನು?"

"ಹದಿನೈದು ದಿನದಾಗ ತಿಳಸ್ತೇನಂದಾರ್ರಿ."

"ಹ್ಞೂಂ. ಜೋರಲೆ ಮಾತಾಡಿದಿಯಿಲ್ಲ?"

"ಮಾತಾಡಿದ್ನಿರಿ."

"ಸಾಕು. ಬಸ್ಸಿಗೆ ಹೊತ್ತಾತು, ನಡಿ. ಕೂಸು ಹಾದಿ ಕಾಯತಿರತೈತಿ."

ಇಪ್ಪತ್ತನೇ ದಿನ ನೇಮಕದ ಪತ್ರ ಬಂತು. ಅದನ್ನು ಅವರ ಕೈಗೆ ಕೊಟ್ಟೆ. ಓದಿದರು, ಮಡಚಿದರು, ಮತ್ತೆ ಬಿಚ್ಚಿ ನೋಡಿದರು. "ಯಾರು ಟೈಪ್ ಮಾಡ್ಯಾರಿದನ್ನ? 'ಎ' ಎಲ್ಲಾ ಮಾಸ್ಯಾವ. ಲಗೂ ಹೋಗಬೇಕವಾ ನೀ ಅಲ್ಲಿಗಿ" ಎಂದರು.

ಬೆಳಗಿನ ಬ್ಯಾಚು ನಿಲ್ಲಬಹುದೆಂಬ ಅಳುಕು ನನ್ನಲ್ಲಿ ಉಳಿದಿತ್ತು. ತಿಂಗಳ ನಂತರ ಹೋಗಿ ನೋಡಿದರೆ ಹುಡುಗಿಯರು ಒಬ್ಬರೂ ತಪ್ಪದೇ ಕೂತಿದ್ದರು. ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಾಸ್ತರರ ಹೆಂಡತಿ ಹಳೆಬಟ್ಟೆಯ ಕೌದಿ ಹೊಲಿಯುತ್ತಿದ್ದರು. ಹೆಣ್ಣುಮಗಳೊಬ್ಬಳು ಕೋಣೆಯಲ್ಲಿ ಇದ್ದಾಳೆಂದು ಕಂಡರೆ ಸಾಕಲ್ಲ ಎಂದು ಮಾಸ್ತರರು ಕಂಡುಕೊಂಡ ದಾರಿ ಅದು. ಅಕ್ಷರ ಓದಲು ಬಾರದ ಆಕೆ ಸೂಜಿಯಿಂದ ಕಣ್ಣು ಎತ್ತದೇ, "ಏ ಹುಡುಗಿ, ಕಿರಿಬಟ್ಟು!" ಎಂದು ಗದರಿದ್ದನ್ನು ಕೇಳಿ ನಾನು ಬಾಗಿಲಲ್ಲೇ ನಕ್ಕುಬಿಟ್ಟೆ.

ಮುದ್ದೇಬಿಹಾಳದಲ್ಲಿ ಒಂದು ಕೋಣೆ ಹಿಡಿದೆ. ಮಗಳು ನನ್ನ ಮುಖ ನೋಡದೇ ಎರಡನೇ ರೊಟ್ಟಿ ತೆಗೆದುಕೊಳ್ಳಲು ಶುರು ಮಾಡಿದಳು, ಆಮೇಲೆ ಮೂರನೆಯದನ್ನೂ. ತಾಂಬಾಕ್ಕೆ ಹೋಗುವಾಗಲೆಲ್ಲ ಸಿಂದಗಿಯಲ್ಲಿ ಇಳಿದು ಚಹಾ ಕುಡಿದು ಹೋಗುತ್ತಿದ್ದೆ. ಆ ಸೋಮವಾರದ ಮಾತು ನಾವಿಬ್ಬರೂ ಎಂದೂ ಎತ್ತಲಿಲ್ಲ. ಎಂದಾದರೂ ಒಂದು ಸಲ ಬಾಯಿಬಿಟ್ಟು ಹೇಳಬೇಕೆಂದು ಹತ್ತು ವರ್ಷ ಅಂದುಕೊಂಡೆ.

ಮಾಸ್ತರರ ತಿಥಿಕಾರ್ಯ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕ್ಲಾಸಿನ ಕೋಣೆಗೆ ಕರೆದುಕೊಂಡು ಹೋದರು. ಮೂರನೇ ನಂಬರಿನ ಮಷೀನು ಅದೇ ಚಾದರದಲ್ಲಿ ಕಟ್ಟಿಟ್ಟಿತ್ತು.

"ಇದನ್ನ ಮುದ್ದೇಬಿಹಾಳದ ಮೆಕ್ಯಾನಿಕ್ಕಗ ಕೊಡಬೇಕು ಅಂತಿದ್ರು. ಅಂದು ಒಬ್ಬರಽ ನಗತಿದ್ರು. ಯಾರ ಕೇಳಿದ್ರ ಹೇಳತಿದ್ದಿಲ್ಲ. ನೀ ಅದಽ ಊರಾಗ ಇರ್ತಿ, ನಿನಗರ ಗೊತ್ತೇನವಾ ಅಂವ ಯಾರಂತ?"

ಹೆಂಡತಿಗೂ ಹೇಳಿರಲಿಲ್ಲ. ನನ್ನ ಗುಟ್ಟನ್ನು ನನಗಿಂತ ಭದ್ರವಾಗಿ ಇಟ್ಟುಕೊಂಡಿದ್ದರು.

ಮಷೀನುಗಳ ನಡುವೆ ನೆಲದ ಮೇಲೆ ಕೂತು ಆಕೆಗೆ ಎಲ್ಲವನ್ನೂ ಹೇಳಿದೆ. ಪತ್ರ, ಸುಳ್ಳು, ಕಂಬಳಿಯ ತುಂಡು, ಒಂದೂ ಬಿಡಲಿಲ್ಲ. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಕ್ಕರು. "ಅದಕ್ಕಽ ಆ ದಿನ ನಸುಕಿನ್ಯಾಗ ಎದ್ದು ನನ್ನ ಹೊಸಾ ಕಂಬಳಿ ಕತ್ತರಿಸಿದ್ರು ನೋಡು. ಎಷ್ಟು ಬೈದಿದ್ನಿ ನಾ!"

ಮಷೀನು ಈಗ ನಮ್ಮ ಮನೆಯಲ್ಲಿ ಕಿಟಕಿಯ ಹತ್ತಿರ ಇದೆ. ಆಫೀಸಿನಲ್ಲಿ ಕಂಪ್ಯೂಟರ್ ಬಂದಿವೆ, ಅವುಗಳ ಮೇಲೆ ಮೆಲ್ಲಗೆ ಹೊಡೆದರೂ ಅಕ್ಷರ ಒಂದೇ ಸಮ ಮೂಡುತ್ತದೆ. ಭಾನುವಾರ ಹೊದಿಕೆ ತೆಗೆದು, ಕೆಳಗೆ ಕಂಬಳಿ ತುಂಡು ಹಾಸಿ, ಎರಡು ಹಾಳೆ ಸುತ್ತಿ, ಒಂದು ಪುಟ ಟೈಪು ಮಾಡುತ್ತೇನೆ. 'ಎ' ಎಲ್ಲ ಕಡೆ ಒಂದೇ ಕಪ್ಪಿನಲ್ಲಿ ಮೂಡುತ್ತದೆ. ಬಾಗಿಲಲ್ಲಿ ಬೆನ್ನು ಮಾಡಿ ನಿಂತು ಕೇಳುವವರು ಇಲ್ಲ.