ಮುಳುಗಲೇಬೇಕಿದ್ದ ಹುಡುಗಿ

ತೆಲುಗು ಸೀಮೆಯ ಕಡಲ ತೀರದ ಊರು, ಅಲ್ಲಿನ ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಪಂಜಾಬಿ ಅಜ್ಜಿಯನ್ನು ಎಲ್ಲರೂ ಬೀಜಿ ಎನ್ನುತ್ತಿದ್ದೆವು. ಚೀನಾಬ್ ನದಿಯ ದಂಡೆಯ, ಈಗ ಪಾಕಿಸ್ತಾನಕ್ಕೆ ಸೇರಿರುವ ಊರಿನವರು. ದೇಶ ಇಬ್ಭಾಗವಾದಾಗ ಅವರಿಗೆ ಎಂಟು ವರ್ಷ. ತಾಯಿಯನ್ನು ದಾರಿಯಲ್ಲೇ ಕಳೆದುಕೊಂಡರಂತೆ. ತಾಯಿಯದೆಂದು ಅವರಲ್ಲಿ ಉಳಿದದ್ದು ಒಂದೇ ಕಥೆ. ಬೇರೊಬ್ಬನಿಗೆ ಮದುವೆ ಮಾಡಿಕೊಟ್ಟಿದ್ದ ಕುಂಬಾರರ ಹುಡುಗಿಯೊಬ್ಬಳು ಕೊಡ ತಬ್ಬಿಕೊಂಡು ನದಿ ದಾಟಿ ನಲ್ಲನನ್ನು ಕಾಣಲು ಹೋಗುತ್ತಾಳೆ. ನಾದಿನಿ ಕೊಡ ಬದಲಿಸಿ ಸುಡದ ಹಸಿ ಕೊಡ ಇಡುತ್ತಾಳೆ. ಅದು ಕರಗಿ ಹುಡುಗಿ ನಡುನೀರಿನಲ್ಲಿ ಮುಳುಗುತ್ತಾಳೆ.

"ಅಮ್ಮ ಹೇಳಿದ ಹಾಗೇ ಹೇಳ್ಬೇಕು," ಎಂದು ಹಿಂದಿಯಲ್ಲಿ ಆಣೆ ಹಾಕಿಸಿಕೊಂಡೇ ಬೀಜಿ ನನಗೆ ಕಥೆ ಒಪ್ಪಿಸಿದರು.

ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅದನ್ನು ಎಂಟು ಡ್ರಾಯಿಂಗ್ ಹಾಳೆಗಳಲ್ಲಿ ಚಿತ್ರವಾಗಿ ಬರೆದು, ನಡುನಡುವೆ ಬೀಸುವ ಪದದ ಧಾಟಿಯಲ್ಲಿ ತ್ರಿಪದಿ ಹಾಡಿ ಹೇಳುತ್ತೇನೆಂದು ಒಪ್ಪಿಕೊಂಡೆ. ನನ್ನ ಕೈಗೆ ರಂಗೋಲಿ ಬಿಟ್ಟರೆ ಬೇರೆ ಚಿತ್ರ ಗೊತ್ತಿರಲಿಲ್ಲ. ನಾನು ಬರೆದ ಚೀನಾಬ್ ನೋಡಲು ಇಲ್ಲೇ ಪಕ್ಕದ ಭೀಮುನಿಪಟ್ಟಣದ ಸಮುದ್ರದಂತಾಯಿತು. ಕೊಡಕ್ಕೆ ಧಾರವಾಡದ ಕಡೆಯ ಮದುವೆಮನೆಯಲ್ಲಿ ಪೂಜಿಸುವ ಐರಾಣಿ ಮಡಕೆಯಂತೆ ಸುಣ್ಣದ ಪಟ್ಟೆ ಬಳಿದೆ.

"ಇವಳು ಈಜೋಕೆ ಹೊರಟಿದ್ದಾಳೋ, ಮದುವೆ ಮಾಡ್ಕೊಳ್ಳೋಕೋ?" ಎಂದು ಬೀಜಿ ನಕ್ಕರು.

ಕಾರ್ಯಕ್ರಮದ ಹಿಂದಿನ ದಿನ ಸಂಘದ ಅಧ್ಯಕ್ಷರು, ಮೈಸೂರಿನವರು, ಕೊನೆಯ ಹಾಳೆ ನೋಡಿ ಗಾಬರಿಯಾದರು. "ಹಬ್ಬದ ದಿನ ಸಾವು ಗೀವು ಬೇಡಮ್ಮಾ. ಮಂಗಳ ಹಾಡಿ ಮುಗಿಸ್ಬಿಡಿ. ಊಟಕ್ಕೆ ಹೋಳಿಗೆ ಬೇರೆ ಇದೆ."

ಎತ್ತು ಏರಿಗೆ, ಕೋಣ ನೀರಿಗೆ ಎಂಬ ಸ್ಥಿತಿ ನನ್ನದಾಯಿತು. ಚಪ್ಪಾಳೆಯ ಆಸೆ ಯಾರನ್ನು ಬಿಟ್ಟಿದೆ? ಕೊನೆಯ ಹಾಳೆ ಬದಲಿಸಿದೆ: ಬೆಸ್ತರು ಬಲೆ ಬೀಸಿ ಹುಡುಗಿಯನ್ನು ದಡಕ್ಕೆ ಎಳೆದರು. ಮರುದಿನ ನಾನು ಮಂಗಳ ಹಾಡಿದೆ. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಬೀಜಿಗೆ ಕನ್ನಡ ಬಾರದು, ಆದರೆ ಚಿತ್ರ ನೋಡಲು ಭಾಷೆ ಬೇಕೇ? ಅವರು ಹೋಳಿಗೆ ಮುಟ್ಟದೆ ಎದ್ದು ಹೋದರು.

ಬೆಳಿಗ್ಗೆ ಅಳುಕುತ್ತಲೇ ಅವರ ಬಾಗಿಲು ತಟ್ಟಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ.

"ಚಿಕ್ಕವಳಿದ್ದಾಗ ನಾನೂ ಅವಳನ್ನ ಬದುಕಿಸು ಅಂತ ಅಳ್ತಿದ್ದೆ ಮಗಳೇ," ಎಂದರು. "ಅಮ್ಮ ಒಂದು ದಿನಾನೂ ಬದುಕಿಸ್ಲಿಲ್ಲ. ಅಳೋ ನನ್ನನ್ನ ಎಳ್ಕೊಂಡು ಎದೆಗೆ ಒತ್ಕೊಳ್ತಿದ್ದಳು. ಹುಡುಗಿ ಮುಳುಗದೇ ಇದ್ರೆ ಅಮ್ಮ ನನ್ನನ್ನ ಯಾಕೆ ಅಪ್ಕೊಳ್ತಾಳೆ?"

ನನಗೆ ನಾಚಿಕೆಯಾಯಿತು. ಮನೆಗೆ ಓಡಿ ಬಣ್ಣ ತಂದೆ. ಅವರ ಊಟದ ಮೇಜಿನ ಮೇಲೆ ಹೊಸ ಹಾಳೆ ಹರಡಿ, ಅವರ ಎದುರಿಗೇ ಹುಡುಗಿಯನ್ನು ಮುಳುಗಿಸಿದೆ.