ಅರವತ್ತು ಶೇಂಗಾ

ನಮ್ಮ ಹಟ್ಟಿಯ ಹುಡುಗಿಯೊಬ್ಬಳು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದ ಕೆಲಸ ಎಂದವನು ನನ್ನ ಸೋದರಮಾವ ತಿಪ್ಪೇಶ. ಅವನು ಕೆಟ್ಟವನಲ್ಲ. ಅದುವರೆಗೆ ಹಟ್ಟಿಯಲ್ಲಿ ಯಾರೂ ಮಾಡದ್ದನ್ನು ಆಗುವುದಿಲ್ಲ ಎಂದ, ಅಷ್ಟೇ. ಮೊನ್ನೆ ಭಾನುವಾರ ಬಟ್ಟೆ ಒಗೆಯುವಾಗ ಆ ಮಾತು ನೆನಪಾಯಿತು. ಟ್ರ್ಯಾಕ್ ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ನೆನೆದು ಉಬ್ಬಿದ ಏಳೆಂಟು ಶೇಂಗಾಕಾಯಿ. ಮೊಳಕಾಲ್ಮೂರಿನ ಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರ್ ನಾನು. ಜೇಬಿನಲ್ಲಿ ವಿಸಿಲ್ ಇಲ್ಲದ ದಿನ ಉಂಟು, ಶೇಂಗಾ ಇಲ್ಲದ ದಿನವಿಲ್ಲ. ಇದು ತಿಂಡಿಪೋತಿಯ ಚಾಳಿ ಎಂದು ನೀವು ಅಂದುಕೊಂಡರೆ ಅರ್ಧ ನಿಜ. ಉಳಿದರ್ಧ ಖಾದರ್ ಮೇಷ್ಟ್ರದು.

ಖಾದರ್ ಮೇಷ್ಟ್ರು ಪರಶುರಾಂಪುರದ ಕಡೆಯ ನಮ್ಮ ಹೈಸ್ಕೂಲಿಗೆ ಚಳ್ಳಕೆರೆಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ ಪಿ.ಟಿ. ಮೇಷ್ಟ್ರು. ಅವರ ತಂದೆಯದು ಲಾರಿ ರಿಪೇರಿಯ ಗ್ಯಾರೇಜು. ಹಾಗಾಗಿ ಮನುಷ್ಯರ ಮೈಯನ್ನೂ ಅವರು ಗಾಡಿಯಂತೆಯೇ ನೋಡುತ್ತಿದ್ದರು. ನಮಗೆ ಬೇಸ್‌ಬಾಲ್ ತಂದವರು ಅವರೇ. ಕಬಡ್ಡಿ, ಖೋ ಖೋದಲ್ಲಿ ನಮ್ಮನ್ನು ಸೋಲಿಸಲು ತಾಲ್ಲೂಕಿನ ತುಂಬ ಶಾಲೆಗಳಿದ್ದವು. "ಬೇಸ್‌ಬಾಲ್ ಆಡೋರೇ ಇಲ್ಲ ಇಲ್ಲಿ. ಆಡೋರಿಲ್ದಿದ್ರೆ ಸೋಲ್ಸೋರು ಯಾರು? ಸೀದಾ ಜಿಲ್ಲೆಗೆ ಹೋಗಾದೇ" ಎಂದರು. ಇಷ್ಟು ಪ್ರಾಮಾಣಿಕವಾದ ಕ್ರೀಡಾನೀತಿಯನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇದರಲ್ಲಿ ಪಿಚರ್ ಎನ್ನುವವಳು ನಿಂತಲ್ಲೇ ನಿಂತು, ಮೊಣಕೈ ಮಡಿಸಿ, ಭುಜದ ಮೇಲಿಂದ ಚೆಂಡನ್ನು ಬೀಸಿ ಎಸೆಯಬೇಕು. ಎಸೆದ ಚೆಂಡು ಎದುರು ಬ್ಯಾಟು ಹಿಡಿದು ನಿಂತವಳ ಎದೆಗೂ ಮೊಣಕಾಲಿಗೂ ನಡುವೆ ಹೋಗಬೇಕು. ಆಟದುದ್ದಕ್ಕೂ ಮತ್ತೆ ಮತ್ತೆ ಎಸೆಯುವವಳು ಅವಳೇ. ಆ ಕೆಲಸಕ್ಕೆ ಮೇಷ್ಟ್ರು ನನ್ನನ್ನು ಆರಿಸಿದ್ದಕ್ಕೆ ಕುರಿಗಳೇ ಕಾರಣ.

ಕುರಿಗೆ ಕಲ್ಲೆಸೆಯುವುದೆಂದರೆ ಕುರಿಗೆ ಹೊಡೆಯುವುದಲ್ಲ. ಹಿಂಡಿನ ಮುಂದಿನ ಕುರಿ ಯಾರದೋ ಹೊಲದತ್ತ ಹೊರಳಿದಾಗ ಅದರ ಮೂತಿಯಿಂದ ಒಂದು ಮಾರು ಆಚೆ ಕಲ್ಲು ಬೀಳಬೇಕು. ಹತ್ತಿರ ಬಿದ್ದರೆ ಕುರಿ ಬೆದರಿ ಹಿಂಡೇ ಚೆದುರುತ್ತದೆ, ದೂರ ಬಿದ್ದರೆ ಅದು ತಲೆಯನ್ನೂ ಎತ್ತುವುದಿಲ್ಲ. ಆರನೇ ವಯಸ್ಸಿನಿಂದ ದಿನವೂ ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ ಇದನ್ನೇ ಮಾಡಿದವಳಿಗೆ ಚೆಂಡು ಎಸೆಯುವುದು ಕಲಿಯಬೇಕಾದ ವಿದ್ಯೆಯೇ ಆಗಿರಲಿಲ್ಲ.

ಕಲಿಯಬೇಕಾದದ್ದು ನಿಲ್ಲಿಸುವುದನ್ನು. ಅಭ್ಯಾಸಕ್ಕೆ ಮೊದಲು ಮೇಷ್ಟ್ರು ಎರಡು ಸುತ್ತು ಓಡಿಸಿ, ಭುಜ ತಿರುಗಿಸಿ ಮೈ ಕಾಯಿಸುತ್ತಿದ್ದರು. ಆಮೇಲೆ ತಮ್ಮ ಬಲಜೇಬಿಗೆ ಎಣಿಸಿ ಅರವತ್ತು ಶೇಂಗಾಕಾಯಿ. ನಾನೊಂದು ಚೆಂಡು ಎಸೆದರೆ ಅಲ್ಲಿಂದ ಒಂದು ಕಾಯಿ ಎಡಜೇಬಿಗೆ. ಬಲಜೇಬು ಖಾಲಿಯಾದರೆ ಅವತ್ತಿನ ಎಸೆತ ಮುಗಿಯಿತು, ಮುಂದಿನ ಮೂರು ದಿನ ಚೆಂಡು ಮುಟ್ಟುವಂತಿಲ್ಲ. ಎಷ್ಟೋ ಸಲ ಅವರು ಮಾತಿನ ಭರದಲ್ಲಿ ಬಲಜೇಬಿನದನ್ನೇ ಬಿಡಿಸಿ ತಿಂದುಬಿಡುತ್ತಿದ್ದರು. ನನ್ನ ಅರವತ್ತು ಐವತ್ತಕ್ಕೆ ಮುಗಿಯುತ್ತಿತ್ತು.

"ಸಾರ್, ಇನ್ನೂ ಕೈ ಐತೆ."

"ಕೈ ಇರೋವಾಗ್ಲೇ ನಿಲ್ಸಬೇಕು ಬೇಟಿ. ಗಾಡಿ ಬೇರಿಂಗ್ ಹೋದ್ರೆ ನಮ್ಮಪ್ಪ ಹೊಸದು ಹಾಕ್ತಾರೆ. ನಿನ್ ಮೊಣಕೈಗೆ ಯಾವ ಅಂಗಡೀಲಿ ಸಿಗ್ತೈತೆ?"

ಹತ್ತನೇ ಕ್ಲಾಸಿನಲ್ಲಿ ಜಿಲ್ಲಾ ತಂಡದ ಆಯ್ಕೆ ಬಂತು. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಮುಂದಿನ ಓದು. ಆಗದಿದ್ದರೆ ಅಪ್ಪನಿಲ್ಲದ ಮನೆಯ ಹುಡುಗಿ ಹತ್ತನೆಯದಕ್ಕೆ ಪುಸ್ತಕ ಕಟ್ಟಿಟ್ಟು ಮಾವನ ಹಿಂಡಿನ ಹಿಂದೆ ಹೋಗುವುದೆಂದು ಮಾತಾಗಿತ್ತು. ಅದೇ ತಿಂಗಳು ನನ್ನ ಮೊಣಕೈಯ ಒಳಬದಿ ನೋಯಲು ಶುರುವಾಯಿತು. ನಾನು ಯಾರಿಗೂ ಹೇಳಲಿಲ್ಲ. ಆದರೆ ಕೈ ತಲೆಯ ಹಿಂದಕ್ಕೆ ಹೋಗುತ್ತಿರಲಿಲ್ಲ, ಜಡೆ ಹೆಣೆಯಲಾಗದೆ ಕೂದಲನ್ನು ಸುಮ್ಮನೆ ಗಂಟು ಕಟ್ಟಿಕೊಂಡು ಹೋದೆ. ಎರಡು ಜಡೆ, ರಿಬ್ಬನ್ನು ಇಲ್ಲದವರನ್ನು ಪ್ರಾರ್ಥನೆಯ ಸಾಲಿನಿಂದ ಆಚೆ ಕರೆಯುವುದು ಪಿ.ಟಿ. ಮೇಷ್ಟ್ರ ಕೆಲಸ. ಕರೆದವರು ಬೈಯಲಿಲ್ಲ. ನನ್ನ ಮೊಣಕೈಯನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಕೂಗಿಕೊಂಡೆ.

"ಅರವತ್ತಕ್ಕೆ ಮೇಲೆ ಒಂದೂ ಎಸೆಸಿಲ್ವಲ್ಲ ನಾನು" ಎಂದು ಅವರು ತಮ್ಮಲ್ಲೇ ಹೇಳಿಕೊಂಡರು. ಆಮೇಲೆ ಏನೋ ಹೊಳೆದವರಂತೆ ಕೇಳಿದರು: "ಕುರಿಗೆ ದಿನಾ ಎಷ್ಟು ಕಲ್ಲು ಎಸಿತೀಯ?"

ನನಗೆ ನಗು ಬಂತು. ಕಲ್ಲನ್ನು ಯಾರಾದರೂ ಎಣಿಸುತ್ತಾರೆಯೇ?

ಅವರು ಎಣಿಸಿದರು. ಭಾನುವಾರ ಬೆಳಿಗ್ಗೆ ಹಟ್ಟಿಗೆ ಬಂದು, ಬಂಡೆಯೊಂದರ ಮೇಲೆ ಕೂತು, ನಾನು ಎಸೆದ ಕಲ್ಲಿಗೊಂದರಂತೆ ಶೇಂಗಾ ಜೇಬು ಬದಲಿಸುತ್ತ ಹೋದರು. ನಡುವೆ ಒಂದು ಮೇಕೆ ಅವರ ಎಡಜೇಬಿಗೆ ಮೂತಿ ಹಾಕಿದ್ದು ಬಿಟ್ಟರೆ ಲೆಕ್ಕಕ್ಕೆ ತೊಂದರೆಯಾಗಲಿಲ್ಲ. ಹೊತ್ತು ನೆತ್ತಿಗೆ ಬರುವುದರೊಳಗೆ ಬಲಜೇಬು ಎರಡು ಸಲ ಖಾಲಿಯಾಗಿತ್ತು.

"ನಾನಲ್ಲಿ ಮೂರು ದಿನ ರೆಸ್ಟು ಕೊಡ್ತೀನಿ, ನೀವಿಲ್ಲಿ ದಿನಾ ಇಷ್ಟು ಎಸೆಸ್ತೀರಿ" ಎಂದರು ಅವ್ವನಿಗೆ.

"ಅದು ಆಟ ಅಲ್ಲಲ್ರೀ ಮೇಷ್ಟ್ರೆ, ಕುರಿ ಕಾಯಾದು" ಎಂದಳು ಅವ್ವ.

"ಯಾವ್ದು ಆಟ, ಯಾವ್ದು ಕೆಲ್ಸ ಅಂತ ಕೈಗೆ ಗೊತ್ತಾಗಲ್ಲಮ್ಮ."

ತಿಪ್ಪೇಶ ಮಾವ ಬೀಡಿ ಆರಿಸಿ ಮುಂದೆ ಬಂದ. "ಕಲ್ಲು ಎಸೀದೆ ಕುರಿ ತಿರುಗ್ತಾವೇನ್ರೀ? ನೀವು ವಿಸಿಲ್ ಊದ್ರಿ, ನೋಡಾನ."

ಮೇಷ್ಟ್ರು ನಿಜಕ್ಕೂ ಊದಿದರು. ಕುರಿಗಳು ಮೇಯುತ್ತಲೇ ಇದ್ದವು. ಹಟ್ಟಿಯ ನಾಯಿಯೊಂದು ಮಾತ್ರ ಓಡಿ ಬಂದು ಅವರೆದುರು ನಿಂತಿತು.

ಚಳ್ಳಕೆರೆಯ ಡಾಕ್ಟರು ಕೈ ನೋಡಿ, ಬೆಳೆಯುವ ಮೂಳೆ ಇನ್ನೂ ಎಳಸು, ಹೀಗೇ ಎಸೆಯುತ್ತಿದ್ದರೆ ಮೊಣಕೈ ಮತ್ತೆ ನೆಟ್ಟಗಾಗದೆ ಹೋಗಬಹುದು ಎಂದರು. ಎರಡು ತಿಂಗಳು ಚೆಂಡೂ ಇಲ್ಲ, ಕಲ್ಲೂ ಇಲ್ಲ. ಆಯ್ಕೆ ಇದ್ದದ್ದು ಮುಂದಿನ ವಾರ.

"ಒಂದೇ ದಿನ ಸಾರ್" ಎಂದೆ.

"ಬರೋ ವರ್ಷಾನೂ ಆಯ್ಕೆ ಇರ್ತೈತೆ. ನಿನ್ ಕೈ ಇರಬೇಕಲ್ಲ" ಎಂದು ಅವರು ನನ್ನನ್ನು ಬಿಟ್ಟು ಉಳಿದವರನ್ನು ಆಯ್ಕೆಗೆ ಕರೆದುಕೊಂಡು ಹೋದರು. ನಾನು ಅವರೊಡನೆ ಪರೀಕ್ಷೆಯವರೆಗೂ ಮಾತಾಡಲಿಲ್ಲ. ಎದುರು ಬಂದರೆ ಮುಖ ತಿರುಗಿಸುತ್ತಿದ್ದೆ. ಅವರು ನಮಸ್ಕಾರವನ್ನು ತಾವೇ ಮಾಡಿ ಮುಂದೆ ಹೋಗುತ್ತಿದ್ದರು.

"ಮುಗೀತಲ್ಲಕ್ಕಾ. ಇನ್ನೇನು, ಹಿಂಡಿನ ಹಿಂದೆ ಬರ್ಲಿ" ಎಂದ ಮಾವ.

"ಮುಗೀಲಿಲ್ಲ, ನೀ ಸುಮ್ಕಿರಲೇ" ಎಂದಳು ಅವ್ವ. "ಬಸ್ಸಿನಾಗೆ ಹೋಗಿ ಓದ್ತಾಳೆ. ಕಲ್ಲು ನಾನು ಎಸಿತೀನಿ."

ಮರುದಿನದಿಂದ ಹಿಂಡಿನ ಹಿಂದೆ ಅವ್ವ ಹೊರಟಳು. ಎರಡು ತಿಂಗಳು ಕಳೆದ ಮೇಲೂ, ಆಮೇಲಿನ ಯಾವ ವರ್ಷವೂ ಆ ಕೆಲಸವನ್ನು ನನಗೆ ಹಿಂದಿರುಗಿಸಲಿಲ್ಲ. ನಾನು ಚಳ್ಳಕೆರೆಯ ಬಸ್ಸಿನಲ್ಲಿ ಈರುಳ್ಳಿ ಚೀಲಗಳ ನಡುವೆ ನಿಂತು ಪಿಯುಸಿಗೆ ಹೋದೆ. ಮರುವರ್ಷ ಆಯ್ಕೆಯಾದೆ. ಕ್ರೀಡೆಯ ಕೋಟಾದಲ್ಲಿ ಬಿ.ಎ., ಆಮೇಲೆ ಬಿ.ಪಿ.ಎಡ್. ಒಂದು ಸಾಲಿನಲ್ಲಿ ಬರೆದುಬಿಟ್ಟೆ, ಆದರೆ ಅದು ಒಂದು ಸಾಲಿನಷ್ಟು ಸಲೀಸಾಗಿರಲಿಲ್ಲ. ನನ್ನ ಕೈ ಇವತ್ತಿಗೂ ನೆಟ್ಟಗಿದೆ.

ಈಗ ನನ್ನ ಮಕ್ಕಳೂ "ಟೀಚರ್, ಇಂಕೊಕಟಿ" ಎಂದು ತೆಲುಗಿನಲ್ಲಿ ಇನ್ನೊಂದೇ ಒಂದಕ್ಕೆ ಗೋಗರೆಯುತ್ತಾರೆ. ನಾನು ಖಾಲಿ ಜೇಬು ತೋರಿಸುತ್ತೇನೆ. ಹೊಸ ಹುಡುಗಿ ಬಂದರೆ ಚೆಂಡು ಕೊಡುವ ಮೊದಲು ಮನೆಯಲ್ಲಿ ಏನು ಕೆಲಸ ಮಾಡುತ್ತೀ ಎಂದು ಕೇಳುತ್ತೇನೆ. ಇಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ಸೀರೆಯ ಮಗ್ಗವಿದೆ. ಬೆಳಿಗ್ಗೆ ಸಂಜೆ ಮಗ್ಗದ ಹಗ್ಗ ಎಳೆಯುವ ಕೈಗೆ ಅರವತ್ತು ಹೆಚ್ಚು. ಅವರಿಗೆ ಮೂವತ್ತೇ. ಇದನ್ನು ಕಂಡುಹಿಡಿದ ಬುದ್ಧಿವಂತಿಕೆಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ಉಂಟು.

ಮೊನ್ನೆ ಬಟ್ಟೆ ಒಣಹಾಕಿ ಹಟ್ಟಿಗೆ ಹೊರಟೆ. ಯೂನಿವರ್ಸಿಟಿಯಿಂದ ಪದವಿಪತ್ರ ಕೊನೆಗೂ ಬಂದಿತ್ತು. ಮಾವ ಅದನ್ನು ಎರಡು ಸಲ ತಿರುಗಿಸಿ ನೋಡಿ, "ಹೆಸರು ಸರಿಯಾಗಿ ಬರ್ದವ್ರೆ" ಎಂದು ವಾಪಸು ಕೊಟ್ಟ. ಅವ್ವ ಎದ್ದು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎಡಗೈ ಮುಂದೆ ಚಾಚಿದಳು.

"ಶುಭದ್ದು ಕಣವ್ವ, ಬಲಗೈ ಕೊಡು" ಎಂದೆ. ಅವಳ ಬಲಭುಜ ಒಂದಿಷ್ಟು ಅಲುಗಿ ಅಲ್ಲೇ ನಿಂತಿತು. ದಿನವೂ ಮಕ್ಕಳ ಕೈ ಎತ್ತಿಸಿ ಭುಜ ನೋಡುವವಳು ನಾನು. ತಿಂಗಳಿಗೆ ಎರಡು ಸಲ ಈ ಮನೆಗೆ ಬಂದು ಉಂಡು ಹೋಗುವವಳೂ ನಾನೇ.

ಪದವಿಪತ್ರವನ್ನು ಅವಳ ಎಡಗೈಗೆ ಕೊಟ್ಟೆ. ಅವಳು ಅದನ್ನು ಎದೆಗೆ ಒತ್ತಿ ಹಿಡಿದು ಹೇಳಿದಳು:

"ಬಲಗೈ ಮ್ಯಾಲಕ್ಕೆ ಏಳಲ್ಲ ಮಗಳೆ. ಎಡಗೈಲಿ ಇಸ್ಕಂಡ್ಲು ಅಂತ ಬ್ಯಾಸ್ರ ಮಾಡ್ಕಬ್ಯಾಡ."